ಠಾಣೆಯಿಂದ ಬರಿಗೈಲಿ ವಾಪಸ್ ಬರಬೇಡಿ

ದುರ್ಗದಿಂದ ದಾವಣಗೆರೆಗೆ ಬರುವಾಗ ಬಸ್ಸಿನಲ್ಲಿ ನಮ್ಮ ದೊಡ್ಡಮ್ಮನ ಬ್ಯಾಗಿನಿಂದ ಚಿನ್ನದ ಸರ ಕಳುವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆಯೇ ಅವರಿಗೆ ಗೊತ್ತಾಗಿದ್ದು. ಠಾಣೆಗೆ ಹೋದರೆ, "ಭರಮಸಾಗರದ ಹತ್ರ ಆಗಿದ್ರೆ ಅದು ನಮ್ಮ ಸರಹದ್ದಲ್ಲಮ್ಮ" ಎಂದು ಕಳಿಸಿಬಿಟ್ಟರು. ಕೂತ್ಕೊಳ್ಳಿ ಅಂತಲೂ ಯಾರೂ ಹೇಳಲಿಲ್ಲವಂತೆ. ಸರ ಹೋದದ್ದಕ್ಕಿಂತ ಅವರಿಗೆ ಅದೇ ಜಾಸ್ತಿ ನೋವಾಗಿತ್ತು.

ಸರಹದ್ದಿನ ನೆಪ ಹೇಳಿ ಹೀಗೆ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ನೋಡಿ. ಪೊಲೀಸರು ತಾವೇ ಕೇಸು ಹಾಕಬಹುದಾದ ಅಪರಾಧ ಎಲ್ಲೇ ನಡೆದಿರಲಿ, ನೀವು ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಜೀರೊ ಎಫ್‌ಐಆರ್ (ಸರಹದ್ದು ನೋಡದೆ ಹಾಕುವ ಕೇಸು) ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಮೊದಲು ದೂರನ್ನು ಬರೆದುಕೊಂಡು ಹೋಗಿ. ಎಷ್ಟು ಹೊತ್ತಿಗೆ, ಎಲ್ಲಿ, ಏನು ಹೋಯಿತು, ಯಾರ ಮೇಲಾದರೂ ಅನುಮಾನ ಇದೆಯಾ, ಇಷ್ಟಿದ್ದರೆ ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬರೆಯಲು ಬರದಿದ್ದರೆ ಬಾಯಲ್ಲಿ ಹೇಳಿ. ಅವರೇ ಬರೆದುಕೊಂಡು ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿ ಉಚಿತ. ಅದಕ್ಕೆ ಒಂದು ರೂಪಾಯಿಯೂ ಕೊಡಬೇಡಿ.

"ವಿಚಾರಿಸಿ ನೋಡ್ತೀವಿ" ಅಂದರೆ? 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ಅನುಮತಿ ಪಡೆದು ಕೇಸು ಹಾಕುವ ಮೊದಲು ವಿಚಾರಣೆ ಮಾಡಬಹುದು. ಅದೂ 14 ದಿನದೊಳಗೆ ಮುಗಿಯಬೇಕು.

ದೂರು ತೆಗೆದುಕೊಳ್ಳಲೇ ಇಲ್ಲ ಅಂದರೆ ಜಗಳ ಬೇಡ. ಅದೇ ದೂರನ್ನು ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಾವು ಮಾಡಿದ್ದೂ ಇದನ್ನೇ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು.

ಕೇಸು ದಾಖಲಾದ ಮೇಲೆ ಸುಮ್ನೆ ಕೂರಬೇಡಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ. ಅದು ಅವರು ಮಾಡುವ ಉಪಕಾರವಲ್ಲ. ಹೇಳಿಕೆ ಕೊಡಲು ಹೆಂಗಸರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು ಠಾಣೆಗೆ ಬನ್ನಿ ಅಂತ ಒತ್ತಾಯಿಸುವ ಹಾಗಿಲ್ಲ. ಮನೆಗೇ ಬಂದು ಕೇಳಬೇಕು. ಲೈಂಗಿಕ ದೌರ್ಜನ್ಯದ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಅತ್ಯಾಚಾರಕ್ಕೆ, ಆಸಿಡ್ ದಾಳಿಗೆ ಒಳಗಾದವರನ್ನು ನಮ್ಮ ಚಿಗಟೇರಿ ಸರ್ಕಾರಿ ಆಸ್ಪತ್ರೆಯಾಗಲಿ, ಯಾವುದೇ ಖಾಸಗಿ ಆಸ್ಪತ್ರೆಯಾಗಲಿ ದುಡ್ಡು ಕೇಳದೆ ತಕ್ಷಣ ನೋಡಬೇಕು. ಇಂಥ ಹೊತ್ತಿನಲ್ಲಿ ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿ ಅನ್ನುವುದು ಕಾನೂನಿಗೆ ವಿರುದ್ಧ.

ಹಲ್ಲೆಯಲ್ಲಿ ಗಾಯವಾದವರಿಗೆ, ಮನೆಯವರನ್ನು ಕಳೆದುಕೊಂಡವರಿಗೆ ಪರಿಹಾರವೂ ಉಂಟು. ಅರ್ಜಿ ಕೊಡುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಆರೋಪಿ ಸಿಕ್ಕಿಲ್ಲ ಅಂತ ಕಾಯಬೇಡಿ, ಸಿಗದಿದ್ದರೂ ಅರ್ಜಿ ಹಾಕಬಹುದು. 2 ತಿಂಗಳಲ್ಲಿ ಅವರು ವಿಚಾರಣೆ ಮುಗಿಸಬೇಕು. ಉಚಿತ ವಕೀಲರು ಬೇಕಿದ್ದರೂ ಅಲ್ಲೇ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ. ಹೋಗುವಾಗ ಎಫ್‌ಐಆರ್ ಪ್ರತಿ, ಆಧಾರ್ ಜೆರಾಕ್ಸ್, ಆಸ್ಪತ್ರೆ ಚೀಟಿ ಇದ್ದರೆ ಅದನ್ನೂ ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗಿ.