ಮಳೆಗಾಲಕ್ಕೆ ಪುಡಿ ಕಟ್ಟುವಾಗ ಜಿಪ್ ಒಂದನ್ನೇ ನಂಬಬೇಡಿ

ಜಿಪ್ ಪೌಚಿಗೆ ತುಂಬಿ ಒತ್ತಿಬಿಟ್ಟರೆ ಸಾರಿನಪುಡಿ, ಚಟ್ನಿಪುಡಿಗೆ ಗಾಳಿ ತಾಗದು ಎಂದುಕೊಳ್ಳುವವರೇ ಹೆಚ್ಚು. ಜಿಪ್ ಇರುವುದು ಪೊಟ್ಟಣ ಒಡೆದ ಮೇಲೆ ಮತ್ತೆ ಮುಚ್ಚಲಿಕ್ಕೆ. ಅಲ್ಲಿಯವರೆಗೆ ಪುಡಿ ಕಾಯುವುದು ಪೌಚಿನ ಹಾಳೆ ಮತ್ತು ಜಿಪ್ಪಿನ ಮೇಲ್ಗಡೆ ಹಾಕುವ ಬಿಸಿ ಸೀಲ್.

ತೆಳು ಪಾಲಿಥೀನ್ ಕವರು ತೇವವನ್ನು ಒಂದಷ್ಟು ತಡೆಯುತ್ತದೆ, ಆಮ್ಲಜನಕವನ್ನೂ ಮಸಾಲೆಯ ಘಮವನ್ನೂ ತಡೆಯುವುದಿಲ್ಲ. ಅದರಲ್ಲಿಟ್ಟ ಕೊಬ್ಬರಿ ಚಟ್ನಿಪುಡಿ ಬೇಗ ಕಮಟುತ್ತದೆ. ಕೊಬ್ಬರಿ, ಶೇಂಗಾ, ಎಳ್ಳು ಬಿದ್ದ ಪುಡಿಗೆ ನಾನು ಮೂರು ಪದರದ ಪೌಚನ್ನೇ ತರುವುದು: ಹೊರಗೆ 12 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಪಿಇಟಿ, ಅಂದರೆ ನೀರಿನ ಬಾಟಲಿಯ ಜಾತಿಯ ಪ್ಲಾಸ್ಟಿಕ್, ನಡುವೆ 9 ಮೈಕ್ರಾನ್ ಅಲ್ಯೂಮಿನಿಯಂ ಫಾಯಿಲ್, ಒಳಗೆ 75 ಮೈಕ್ರಾನ್ ಪಾಲಿಥೀನ್. ಬೆಳ್ಳಗೆ ಹೊಳೆಯುವುದೆಲ್ಲ ಫಾಯಿಲ್ ಅಲ್ಲ. ಕತ್ತಲಲ್ಲಿ ಖಾಲಿ ಪೌಚಿನೊಳಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಬೆಳಕು ಮಸುಕಾಗಿ ಹೊರಬಂದರೆ ಅದು ಬರೀ ಲೋಹದ ಲೇಪ. ನಿಜವಾದ ಫಾಯಿಲಿನಲ್ಲಿ ಏನೂ ಕಾಣದು, ಮಡಚಿದ ಗೆರೆಯೂ ಹಾಗೇ ನಿಲ್ಲುತ್ತದೆ. ಹುರಿಹಿಟ್ಟು, ಅವಲಕ್ಕಿಯನ್ನು ತಿಂಗಳೊಳಗೆ ಮುಗಿಸುವುದಾದರೆ ಇಷ್ಟು ಖರ್ಚು ಬೇಡ.

ಗಿರಣಿಯಿಂದ ಬಂದ ಪುಡಿ ಒಳಗೊಳಗೇ ಬಿಸಿ ಇರುತ್ತದೆ. ಅಗಲ ತಟ್ಟೆಯಲ್ಲಿ ಬೆರಳು ದಪ್ಪಕ್ಕೆ ಹರಡಿ ಆರಿಸಬೇಕು. ಆರಿತೆಂದು ತಿಳಿಯಲು ಎರಡು ಚಮಚ ಪುಡಿಯನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಗಾಜಿನೊಳಗೆ ಮಂಜು ಕೂತರೆ ಇನ್ನೂ ಕಟ್ಟಬಾರದು. ಹಾಗೆಂದು ರಾತ್ರಿಯಿಡೀ ತೆರೆದಿಡಲೂಬಾರದು. ಚಟ್ನಿಪುಡಿಯ ಉಪ್ಪು, ಬೆಲ್ಲ ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಂಡು ಗಂಟುಗಟ್ಟುತ್ತವೆ.

ಹೆಚ್ಚಿನ ಪೊಟ್ಟಣ ಕೆಡುವುದು ತುಂಬುವಾಗಲೇ. ಸೀಲ್ ಹಾಕುವ ಜಾಗದಲ್ಲಿ ಪುಡಿಯ ಧೂಳು ಕೂತರೆ ಎರಡು ಹಾಳೆ ಅಂಟಿದಂತೆ ಕಂಡರೂ ನಡುವೆ ಸಣ್ಣ ಸಂದು ಉಳಿಯುತ್ತದೆ. ಅಗಲ ಬಾಯಿಯ ಆಲಿಕೆಯನ್ನು ಜಿಪ್ಪಿನ ಕೆಳಗಿನವರೆಗೆ ಇಳಿಸಿ ತುಂಬಿ, ಬಾಯನ್ನೂ ಜಿಪ್ಪಿನ ತೋಡನ್ನೂ ಒಣಬಟ್ಟೆಯಿಂದ ಒರೆಸಿ, ಗಾಳಿ ಒತ್ತಿ ತೆಗೆದು ಜಿಪ್ ಮುಚ್ಚಿ, ಮೇಲೆ ಸೀಲ್ ಹಾಕಿ. ಸೀಲ್ ಹಾಕುವ ಯಂತ್ರದ ದೀಪ ಆರಿದ ಮೇಲೂ ಎರಡು ಮೂರು ಸೆಕೆಂಡ್ ಒತ್ತಿಯೇ ಹಿಡಿಯಬೇಕು. ಬಿಸಿಯಲ್ಲೇ ಬಿಟ್ಟರೆ ಅಂಟು ಬಿಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಒಂದು ಖಾಲಿ ಪೌಚಿಗೆ ಗಾಳಿ ತುಂಬಿ, ಸೀಲ್ ಮಾಡಿ, ನೀರಲ್ಲಿ ಅದುಮಿ ನೋಡುತ್ತೇನೆ. ಗುಳ್ಳೆ ಎದ್ದರೆ ಯಂತ್ರದ ಬಿಸಿ ಒಂದು ಅಂಕಿ ಹೆಚ್ಚಿಸುತ್ತೇನೆ.

ತೇವ ಹೀರುವ ಸಿಲಿಕಾ ಜೆಲ್, ಆಮ್ಲಜನಕ ಹೀರುವ ಪೊಟ್ಟಣ ಎರಡನ್ನೂ ಒಟ್ಟಿಗೆ ಹಾಕಬೇಡಿ. ಎರಡನೆಯದರಲ್ಲಿರುವುದು ಕಬ್ಬಿಣದ ಪುಡಿ, ಅದು ಕೆಲಸ ಮಾಡಲು ಚೂರು ತೇವ ಬೇಕು. ಸಿಲಿಕಾ ಆ ತೇವವನ್ನೇ ಕಸಿಯುತ್ತದೆ. ಸಾರಿನಪುಡಿಗೆ ಆಹಾರಕ್ಕೆಂದೇ ಮಾಡಿದ ಬಿಳಿ ಸಿಲಿಕಾ ಸಾಕು.

ಹಪ್ಪಳಕ್ಕೆ ಪೌಚ್ ಒಗ್ಗದು. ಸ್ಟೀಲ್ ಡಬ್ಬಿಯ ಮುಚ್ಚಳ ಎಷ್ಟೇ ಬಿಗಿಯಾಗಿ ಕೂತರೂ ಅಂಚಲ್ಲಿ ಗಾಳಿ ಆಡುತ್ತದೆ, ಆದ್ದರಿಂದ ಮೊದಲು ದಪ್ಪ ಕವರಲ್ಲಿ ಕಟ್ಟಿ, ಬಾಯಿ ತಿರುಚಿ ರಬ್ಬರ್ ಹಾಕಿ, ಆಮೇಲೆ ಡಬ್ಬಿಗಿಡಿ.