ಔಟ್‌ಲುಕ್ ಬಳಸುವ ಕಚೇರಿಯಲ್ಲಿ ಲಿನಕ್ಸ್‌ನಿಂದ ಇಮೇಲ್ ನಿರ್ವಹಿಸುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಗಣಕಗಳಿಗೆ ವಿಂಡೋಸ್ 11 ಅಧಿಕೃತವಾಗಿ ದೊರೆಯುವುದಿಲ್ಲ. ಕಲಬುರಗಿಯಲ್ಲಿ ನಾನು ಕೆಲಸ ಮಾಡುವ ತೊಗರಿ ವ್ಯಾಪಾರದ ಕಚೇರಿಯಲ್ಲಿ ನನ್ನ ಮೇಜಿನ ಗಣಕವೂ ಅಂಥದ್ದೇ ಆಗಿದ್ದರಿಂದ ಅದಕ್ಕೆ ಲಿನಕ್ಸ್ ಹಾಕಿಕೊಂಡೆ. ಉಳಿದವರೆಲ್ಲರೂ ಮೈಕ್ರೋಸಾಫ್ಟ್‌ನ ಇಮೇಲ್ ತಂತ್ರಾಂಶವಾದ ಔಟ್‌ಲುಕ್ ಬಳಸುತ್ತಾರೆ. ಇಂಥ ಕಡೆ ನಾವು ಕಳಿಸಿದ ಪತ್ರ ಅವರಲ್ಲಿ ಕೆಡದೆ ತೆರೆಯಬೇಕು, ಅವರು ಕಳಿಸಿದ್ದು ನಮ್ಮಲ್ಲಿಯೂ ಹಾಗೆಯೇ ತೆರೆಯಬೇಕು. ಯಾವ ತಂತ್ರಾಂಶ ಬಳಸುತ್ತೇವೆ ಎಂಬುದು ಆಮೇಲಿನ ಮಾತು.

ಏನನ್ನಾದರೂ ಸ್ಥಾಪಿಸುವ ಮೊದಲು ಕಚೇರಿಯ ಗಣಕ ವ್ಯವಸ್ಥೆ ನೋಡಿಕೊಳ್ಳುವವರಲ್ಲಿ ಎರಡು ವಿಷಯ ಕೇಳಿಕೊಳ್ಳಬೇಕು: ಅಂಚೆಯ ಸರ್ವರ್ ಆನ್‌ಲೈನ್ ಸೇವೆಯಾದ ಮೈಕ್ರೋಸಾಫ್ಟ್ 365ರಲ್ಲಿದೆಯೇ ಅಥವಾ ಕಚೇರಿಯ ಸ್ವಂತ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಅಂಚೆ ತಂತ್ರಾಂಶ) ಸರ್ವರ್ ಆಗಿದೆಯೇ, ಮತ್ತು ಬೇರೆ ತಂತ್ರಾಂಶಗಳಿಂದಲೂ ಸರ್ವರಿನ ಅಂಚೆ ಓದಲು ಬಿಡುವ ಐಮ್ಯಾಪ್ ಸೌಲಭ್ಯ ತೆರೆದಿದೆಯೇ. ಐಮ್ಯಾಪ್ ತೆರೆದಿದ್ದರೆ ಉಚಿತ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್ ಸಾಕು. ಒಳಬರುವ ಅಂಚೆಗೆ 993ನೇ ಪೋರ್ಟ್ (ಸಂಪರ್ಕದ ದ್ವಾರ), ಹೊರಹೋಗುವುದಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಎಂಬ ಗೂಢಲಿಪೀಕರಣ ಸಹಿತ 587ನೇ ಪೋರ್ಟ್ ಕೊಡಬೇಕು. ಮೈಕ್ರೋಸಾಫ್ಟ್ 365 ಆಗಿದ್ದರೆ ದೃಢೀಕರಣದ ವಿಧಾನವಾಗಿ ಓಆತ್2 (ಮೈಕ್ರೋಸಾಫ್ಟ್‌ನ ಪುಟದಲ್ಲಿ ಲಾಗಿನ್ ಆಗಿ ಅನುಮತಿ ಕೊಡುವ ಬಗೆ) ಆಯ್ದುಕೊಳ್ಳಲೇಬೇಕು, ಏಕೆಂದರೆ ಬರೀ ಪಾಸ್‌ವರ್ಡ್ ಕೊಟ್ಟು ಅಂಚೆ ಪಡೆಯುವ ಹಳೆಯ ಪದ್ಧತಿಯನ್ನು ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ಮುಚ್ಚುತ್ತ ಬಂದಿದೆ. ಮೊದಲ ಸಲ ಲಾಗಿನ್ ಆಗುವಾಗ ನಿರ್ವಾಹಕರ ಒಪ್ಪಿಗೆ ಬೇಕೆಂಬ ಸೂಚನೆ ಬಂದರೆ ಅಡ್ಡದಾರಿ ಹುಡುಕಬಾರದು. ಅವರಿಗೆ ಹೇಳಿ ಒಪ್ಪಿಗೆ ಪಡೆಯುವುದೇ ಸರಿಯಾದ ದಾರಿ.

ಸ್ವಂತ ಎಕ್ಸ್‌ಚೇಂಜ್ ಸರ್ವರ್ ಇದ್ದು ಐಮ್ಯಾಪ್ ಮುಚ್ಚಿದ್ದರೆ ಎವಲ್ಯೂಷನ್ ಎಂಬ ಇಮೇಲ್ ತಂತ್ರಾಂಶವನ್ನು, ಎಕ್ಸ್‌ಚೇಂಜ್‌ನೊಡನೆ ನೇರವಾಗಿ ವ್ಯವಹರಿಸುವ ಅದರ ಇಡಬ್ಲ್ಯೂಎಸ್ ಪೂರಕದೊಡನೆ ಹಾಕಿಕೊಳ್ಳುವುದು ಒಳ್ಳೆಯದು. ಅಂಚೆಯ ಜೊತೆಗೆ ಕ್ಯಾಲೆಂಡರ್, ಕಚೇರಿಯ ವಿಳಾಸಪಟ್ಟಿ ಎರಡೂ ಅದರಲ್ಲಿ ಸಿಗುತ್ತವೆ, ಸಭೆಯ ಆಹ್ವಾನ ಬಂದಾಗ ಅಲ್ಲಿಂದಲೇ ಒಪ್ಪಿಗೆ ತಿಳಿಸಬಹುದು. ಥಂಡರ್‌ಬರ್ಡನ್ನೇ ಬಿಡಲಾರೆನೆನ್ನುವವರಿಗೆ ಡೇವ್‌ಮೇಲ್ ಇದೆ; ಅದು ನಮ್ಮ ಗಣಕದಲ್ಲಿಯೇ ನಡುವೆ ನಿಂತು ಎಕ್ಸ್‌ಚೇಂಜ್‌ನ ಅಂಚೆಯನ್ನು 1143ನೇ ಪೋರ್ಟಿನಲ್ಲಿ ಐಮ್ಯಾಪ್ ರೂಪದಲ್ಲಿ ಒದಗಿಸುತ್ತದೆ. ಆದರೆ ಮೈಕ್ರೋಸಾಫ್ಟ್ ತನ್ನ ಆನ್‌ಲೈನ್ ಸೇವೆಯಲ್ಲಿ ಇಡಬ್ಲ್ಯೂಎಸ್ ಅನ್ನು 2026ರ ಅಕ್ಟೋಬರ್‌ನಿಂದ ನಿಲ್ಲಿಸತೊಡಗುವುದಾಗಿ ಪ್ರಕಟಿಸಿದೆ. ಆದ್ದರಿಂದ 365 ಬಳಸುವವರು ಈ ದಾರಿಯನ್ನು ನೆಚ್ಚಿ ಕೂರುವಂತಿಲ್ಲ.

ಇಷ್ಟೆಲ್ಲ ಒಂದು ಮಧ್ಯಾಹ್ನದ ಕೆಲಸ. ನನ್ನನ್ನು ನಿಜವಾಗಿ ಕಾಡಿದ್ದು ಕನ್ನಡ. ನಮ್ಮ ಕಡೆಯ ಕಚೇರಿಗಳಲ್ಲಿ ವರ್ಷಗಟ್ಟಲೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದವರ ಕೈ ಅದಕ್ಕೇ ಪಳಗಿದೆ, ಅವರಲ್ಲಿ ಹಲವರು ಇಂದಿಗೂ ಯುನಿಕೋಡ್ (ಎಲ್ಲ ಲಿಪಿಗಳಿಗೂ ಒಪ್ಪಿತವಾದ ಸಂಕೇತಕ್ರಮ) ಅಲ್ಲದ ಹಳೆಯ ಫಾಂಟಿನಲ್ಲಿಯೇ ಬರೆಯುತ್ತಾರೆ. ಆ ಫಾಂಟಿನ ಲೆಕ್ಕದಲ್ಲಿ ಕನ್ನಡದ ಅಕ್ಷರ ಕನ್ನಡವಾಗಿ ದಾಖಲಾಗುವುದೇ ಇಲ್ಲ. ರೋಮನ್ ಅಕ್ಷರಗಳ ಮೇಲೆ ಕನ್ನಡದ ಆಕಾರ ಕೂಡಿಸಿರುತ್ತದೆ. ಹಾಗಾಗಿ ಆ ಫಾಂಟ್ ಇಲ್ಲದ ಗಣಕದಲ್ಲಿ ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ‘ಪಿ’ಯಿಂದ ಆರಂಭವಾಗಿ, ನಡುವೆ ಪೌಂಡಿನ ಚಿಹ್ನೆ, ಕೊನೆಯ ಕಡೆಗೆ ‘ಕ್ಯೂ’ ಇಟ್ಟುಕೊಂಡು ಕಾಣಿಸುತ್ತದೆ. ಮೊದಲ ವಾರ ನನಗೆ ಬಂದ ದರಪಟ್ಟಿಯ ಒಕ್ಕಣೆ ಪೂರ್ತಿ ಹೀಗೆಯೇ ಇತ್ತು, ಅಂಕಿಗಳು ಮಾತ್ರ ಓದುವಂತಿದ್ದವು.

ಇದಕ್ಕೆ ಪರಿಹಾರ ಎರಡು ಹಂತದ್ದು. ಬಂದ ಕಡತವನ್ನು ಓದುವುದಷ್ಟೇ ಬೇಕಿದ್ದರೆ ನುಡಿಯ ಫಾಂಟ್ ಕಡತವನ್ನು ಹೋಮ್ ಫೋಲ್ಡರಿನ ಫಾಂಟುಗಳ ಜಾಗದಲ್ಲಿಟ್ಟು ಫಾಂಟುಗಳ ಪಟ್ಟಿಯನ್ನು ಹೊಸದಾಗಿಸುವ ಎಫ್‌ಸಿ-ಕ್ಯಾಶ್ ಆದೇಶ ಕೊಟ್ಟರೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ಪತ್ರ ಸರಿಯಾಗಿ ತೆರೆಯುತ್ತದೆ. ಅದರ ಸಾಲುಗಳನ್ನು ಇಮೇಲಿನೊಳಗೆ ಸೇರಿಸಿ ಉತ್ತರಿಸಬೇಕಾದರೆ ಮಾತ್ರ ಆಸ್ಕಿಯಿಂದ (ಆ ಹಳೆಯ ಫಾಂಟಿನ ಕ್ರಮದಿಂದ) ಯುನಿಕೋಡ್‌ಗೆ ಪರಿವರ್ತಿಸುವ ಉಪಕರಣದಲ್ಲಿ ಹಾಕಿ ತೆಗೆದು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿಯೇ ಕಳಿಸಬೇಕು. ನಾವು ಹೊಸದಾಗಿ ಬರೆಯುವುದಂತೂ ಯುನಿಕೋಡ್‌ನಲ್ಲಿಯೇ ಇರಲಿ. ನುಡಿಯಿಂದ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿಯೂ ಟೈಪಿಂಗ್ ಸೌಲಭ್ಯವಾದ ಐಬಸ್‌ನ ಎಂ17ಎನ್ ಪೊಟ್ಟಣದೊಡನೆ ದೊರೆಯುವುದರಿಂದ ಬೆರಳಿಗೆ ಹೊಸ ಪಾಠ ಬೇಕಾಗುವುದಿಲ್ಲ. ಸೊಲ್ಲಾಪುರದಿಂದ ಮರಾಠಿಯಲ್ಲಿ, ಊರೊಳಗಿನವರಿಂದಲೇ ಉರ್ದುವಿನಲ್ಲಿ ಪತ್ರ ಬರುವ ಈ ಸೀಮೆಯಲ್ಲಿ ಹಲವು ಲಿಪಿಗಳ ನೋಟೋ ಫಾಂಟುಗಳನ್ನೂ ಹಾಕಿಕೊಂಡರೆ ಮೂರೂ ಲಿಪಿಗಳು ಒಂದೇ ಪತ್ರದಲ್ಲಿ ಸ್ವಚ್ಛವಾಗಿ ಕಾಣುತ್ತವೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಬಹಳ ಸಂತೋಷವಾಯಿತು.

ಕೆಲವೊಮ್ಮೆ ಲಗತ್ತಿನ ಬದಲು ವಿನ್‌ಮೇಲ್.ಡ್ಯಾಟ್ ಎಂಬ ಒಂದೇ ಕಡತ ಬರುತ್ತದೆ. ಕಳಿಸಿದವರ ಔಟ್‌ಲುಕ್ ರಿಚ್ ಟೆಕ್ಸ್ಟ್ ವಿನ್ಯಾಸದಲ್ಲಿರುವುದೇ ಅದಕ್ಕೆ ಕಾರಣ. ಟಿಎನ್‌ಇಎಫ್ ಎಂಬ ಸಣ್ಣ ಉಪಕರಣದಿಂದ ಒಳಗಿನ ಕಡತಗಳನ್ನು ಬಿಡಿಸಿಕೊಳ್ಳಬಹುದು, ಆದರೂ ಅವರಿಗೆ ಒಂದು ಮಾತು ಹೇಳಿ ಎಚ್‌ಟಿಎಂಎಲ್ ವಿನ್ಯಾಸಕ್ಕೆ ಬದಲಿಸಿಕೊಳ್ಳುವಂತೆ ಕೋರಿದರೆ ತೊಂದರೆ ಮೂಲದಲ್ಲಿಯೇ ನಿಲ್ಲುತ್ತದೆ. ಔಟ್‌ಲುಕ್ ಅಂಚೆ ಕೂಡಿಡುವ ಹಳೆಯ ಪಿಎಸ್‌ಟಿ ಕಡತದಲ್ಲಿರುವುದನ್ನು ರೀಡ್‌ಪಿಎಸ್‌ಟಿ ಎಂಬ ಉಪಕರಣ ತೆಗೆದುಕೊಡುತ್ತದೆ.

ನಾವು ಕಳಿಸುವಾಗ ಕಡತದ ಹೆಸರಿನಲ್ಲಿ ವಿವರಣಚಿಹ್ನೆ (:), ಪ್ರಶ್ನಾರ್ಥಕ (?), ನಕ್ಷತ್ರ (*) ಇರಬಾರದು, ಏಕೆಂದರೆ ಲಿನಕ್ಸ್ ಒಪ್ಪುವ ಈ ಚಿಹ್ನೆಗಳನ್ನು ವಿಂಡೋಸ್ ಒಪ್ಪುವುದಿಲ್ಲ. ತಿದ್ದಬೇಕಿಲ್ಲದ ಪತ್ರವನ್ನು ಪಿಡಿಎಫ್ ಮಾಡಿಯೇ ಲಗತ್ತಿಸಬೇಕು. ತಿದ್ದಬೇಕಾದದ್ದನ್ನು ವರ್ಡ್‌ನ ಡಾಕ್ಸ್ ರೂಪದಲ್ಲಿ ಕಳಿಸುವುದಾದರೆ ಅಲ್ಲಿನ ಕ್ಯಾಲಿಬ್ರಿ ಫಾಂಟಿನಷ್ಟೇ ಅಗಲದ ಕಾರ್ಲಿಟೋ ಫಾಂಟನ್ನು ಮೊದಲೇ ಹಾಕಿಕೊಂಡರೆ ಸಾಲು ಮುರಿಯುವ ಜಾಗ ಬಹುಮಟ್ಟಿಗೆ ಹೊಂದುತ್ತದೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಉತ್ತರವನ್ನು ಮೂಲಪತ್ರದ ಕೆಳಗೆ ಬರೆಯಿಸುತ್ತದೆ, ಔಟ್‌ಲುಕ್ ಬಳಸುವವರು ಮೇಲೆ ಹುಡುಕುತ್ತಾರೆ; ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬದಲಿಸಿಕೊಳ್ಳಬೇಕು.

ಎಲ್ಲವೂ ಸಿದ್ಧವಾದ ಮೇಲೆ ಪಕ್ಕದ ಮೇಜಿನವರಿಗೆ ಎರಡು ಸಾಲು ಕನ್ನಡ, ಕನ್ನಡದ ಹೆಸರಿರುವ ಒಂದು ಪಿಡಿಎಫ್ ಮತ್ತು ಒಂದು ಸಭೆಯ ಆಹ್ವಾನ ಕಳಿಸಿ, ಅವರ ಪರದೆಯ ಮುಂದೆ ನಿಂತು ಮೂರನ್ನೂ ತೆರೆಸಿ ನೋಡಿರಿ, ಅವರಿಂದಲೂ ಅಂಥದ್ದೇ ಒಂದನ್ನು ಕಳಿಸಿಕೊಳ್ಳಿರಿ.