ಉಬುಂಟು ಸರ್ವರ್‌ನಲ್ಲಿ ಖಾತೆ, ಗುಂಪು ಮತ್ತು ಅಡ್ಮಿನ್ ಅಧಿಕಾರ: ಕೊಡುವ, ಹಿಂಪಡೆಯುವ ಕ್ರಮ

ಹಲವರು ಬಳಸುವ ಸರ್ವರ್‌ನಲ್ಲಿ ಎಲ್ಲರಿಗೂ ರೂಟ್ ಎಂಬ ಪೂರ್ಣಾಧಿಕಾರದ ಖಾತೆಯ ಪಾಸ್‌ವರ್ಡ್ ಹಂಚಿಬಿಟ್ಟರೆ, ಮುಂದೊಂದು ದಿನ ಮುಖ್ಯವಾದ ಫೈಲ್ ಅಳಿಸಿಹೋದಾಗ ಅದನ್ನು ಮಾಡಿದವರು ಯಾರೆಂದು ಪತ್ತೆ ಮಾಡುವುದು ಕಷ್ಟ. ಆದ್ದರಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ತೆರೆದು, ಅಗತ್ಯವಿದ್ದವರಿಗೆ ಮಾತ್ರ ಸುಡೋ (ರೂಟ್ ಅಧಿಕಾರದಿಂದ ಆದೇಶ ನಡೆಸುವ ಸಾಧನ) ಮೂಲಕ ಅಧಿಕಾರ ಕೊಡಬೇಕು. ಸುಡೋ ಬಳಸಿದ ಪ್ರತಿ ಆದೇಶವೂ ಬಳಸಿದವರ ಹೆಸರಿನ ಸಮೇತ ಲಾಗ್‌ನಲ್ಲಿ ದಾಖಲಾಗುತ್ತದೆ.

ಹೊಸ ಖಾತೆ ತೆರೆಯಲು ‘ಸುಡೋ ಆಡ್‌ಯೂಸರ್ ರಮ್ಯಾ’ ಎಂಬ ಆದೇಶವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಕೊಡಿ. ಅದು ಪಾಸ್‌ವರ್ಡ್ ಕೇಳಿ, ಹೋಮ್ ಡೈರೆಕ್ಟರಿಯನ್ನೂ ಸಿದ್ಧಪಡಿಸುತ್ತದೆ. ಇದನ್ನೇ ಹೋಲುವ ಯೂಸರ್‌ಆಡ್ ಇಷ್ಟೆಲ್ಲ ಮಾಡುವುದಿಲ್ಲ; ಅದನ್ನು ಸ್ಕ್ರಿಪ್ಟ್‌ಗಳಿಗೆ ಬಿಡುವುದು ಲೇಸು. ಸಾಮಾನ್ಯ ಬಳಕೆದಾರರ ಯುಐಡಿ (ಖಾತೆಯ ಗುರುತಿನ ಸಂಖ್ಯೆ) 1000ದಿಂದ ಆರಂಭವಾಗುತ್ತದೆ, ರೂಟ್‌ನದು 0.

ಅಡ್ಮಿನ್ ಅಧಿಕಾರ ಬೇಕಾದವರನ್ನು ಸುಡೋ ಗುಂಪಿಗೆ ಸೇರಿಸಬೇಕು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ವೀಲ್ ಎಂಬ ಗುಂಪಿದೆ. ‘ಸುಡೋ ಯೂಸರ್‌ಮಾಡ್’ ಎಂದು ಬರೆದು, ಒಂದು ಹೈಫನ್, ಅದಕ್ಕೆ ಅಂಟಿದಂತೆ ಸಣ್ಣಕ್ಷರದ ಎ ಮತ್ತು ದೊಡ್ಡಕ್ಷರದ ಜಿ, ನಂತರ ಗುಂಪಿನ ಹೆಸರು, ಕೊನೆಗೆ ಬಳಕೆದಾರರ ಹೆಸರು ಕೊಡಿ. ಆ ಸಣ್ಣ ಎ ಬಿಟ್ಟುಹೋದರೆ ಆದೇಶವೇನೋ ತಕರಾರಿಲ್ಲದೆ ನಡೆಯುತ್ತದೆ, ಆದರೆ ಹೊಸ ಗುಂಪಿಗೆ ಸೇರಿಸುವುದರ ಜೊತೆಗೆ ಹಳೆಯ ಹೆಚ್ಚುವರಿ ಗುಂಪುಗಳೆಲ್ಲವುಗಳಿಂದ ಹೆಸರನ್ನು ತೆಗೆದುಹಾಕುತ್ತದೆ. ಇರುವ ಒಬ್ಬರೇ ಅಡ್ಮಿನ್ ತಮ್ಮನ್ನು ಡಾಕರ್ (ಕಂಟೇನರ್‌ಗಳಲ್ಲಿ ತಂತ್ರಾಂಶ ನಡೆಸುವ ಸಾಧನ) ಗುಂಪಿಗೆ ಸೇರಿಸಿಕೊಳ್ಳುವಾಗ ಹೀಗಾದರೆ, ಸುಡೋ ಗುಂಪು ಕೈತಪ್ಪಿ, ರಿಕವರಿ ಮೋಡ್‌ನಲ್ಲಿ ಬೂಟ್ ಮಾಡಬೇಕಾಗಿ ಬರಬಹುದು. ಅಂದಹಾಗೆ, ಡಾಕರ್ ಗುಂಪಿನ ಸದಸ್ಯತ್ವವೂ ಬಹುಪಾಲು ರೂಟ್ ಅಧಿಕಾರಕ್ಕೆ ಸಮ, ಕೇಳಿದವರಿಗೆಲ್ಲ ಕೊಡಬೇಡಿ. ಗುಂಪಿನ ಬದಲಾವಣೆ ಮುಂದಿನ ಲಾಗಿನ್‌ನಿಂದಷ್ಟೇ ಜಾರಿಗೆ ಬರುತ್ತದೆ.

ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಮರುಚಾಲನೆಯಂತಹ ಒಂದೇ ಕೆಲಸ ಸಾಕೆನಿಸಿದರೆ, ವಿಸುಡೋ ಆದೇಶದ ಮೂಲಕ ಸುಡೋಯರ್ಸ್ ಫೈಲ್ (ಸುಡೋ ಅನುಮತಿಗಳ ಪಟ್ಟಿ) ತೆರೆದು ಆ ಒಂದು ಆದೇಶಕ್ಕೆ ಮಾತ್ರ ಅನುಮತಿ ಬರೆಯಿರಿ. ಬರವಣಿಗೆಯಲ್ಲಿ ವ್ಯಾಕರಣದೋಷವಿದ್ದರೆ ಉಳಿಸುವ ಮೊದಲೇ ವಿಸುಡೋ ಎಚ್ಚರಿಸುತ್ತದೆ, ಸಾಮಾನ್ಯ ಎಡಿಟರ್ ಎಚ್ಚರಿಸುವುದಿಲ್ಲ. ಆದರೆ ವಿಮ್‌ನಂತಹ ಎಡಿಟರ್‌ಗೆ ಈ ರೀತಿ ಅನುಮತಿ ಕೊಡಬಾರದು, ಏಕೆಂದರೆ ಅದರೊಳಗಿಂದಲೇ ರೂಟ್ ಶೆಲ್ (ಯಾವ ಆದೇಶವನ್ನಾದರೂ ರೂಟ್ ಆಗಿ ಕೊಡಬಲ್ಲ ಜಾಗ) ತೆರೆಯಬಹುದು.

ಕೆಲಸ ಬಿಟ್ಟವರ ಖಾತೆಯನ್ನು ಕೂಡಲೇ ಅಳಿಸದೆ ಮೊದಲು ಮುಚ್ಚಿರಿ. ಪಾಸ್‌ವರ್ಡ್ ಲಾಕ್ ಮಾಡಿದರಷ್ಟೇ ಸಾಲದು, ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಇಲ್ಲದೆ ದೂರದಿಂದ ಲಾಗಿನ್ ಆಗಲು ಬಳಸುವ ಕೀಲಿ ಫೈಲ್) ಇದ್ದವರು ಆಗಲೂ ಒಳಬರಬಹುದು. ಚೇಜ್ (chage) ಆದೇಶದಲ್ಲಿ ಹೈಫನ್ ಮತ್ತು ದೊಡ್ಡಕ್ಷರದ ಇ ಬರೆದು, ಮುಂದೆ 0 ಕೊಟ್ಟರೆ ಖಾತೆಯ ಅವಧಿಯೇ ಮುಗಿಯುತ್ತದೆ. ಈಗಾಗಲೇ ತೆರೆದಿರುವ ಸೆಷನ್‌ಗಳನ್ನು ಬೇರೆಯಾಗಿ ಕೊನೆಗೊಳಿಸಬೇಕು. ಕೆಲವು ವಾರಗಳ ನಂತರ ಡೆಲ್‌ಯೂಸರ್‌ನಿಂದ ಖಾತೆ ಅಳಿಸಿದಾಗ, ಹೋಮ್‌ನ ಹೊರಗೂ ಅವರ ಫೈಲ್‌ಗಳು ಉಳಿದಿವೆಯೇ ಎಂದು ಫೈಂಡ್ ಆದೇಶದ ನೋಯೂಸರ್ ಆಯ್ಕೆಯಿಂದ ಹುಡುಕಿ, ಒಡೆತನ ಬದಲಿಸಿರಿ. ಹಾಗೆಯೇ ಬಿಟ್ಟರೆ, ಅದೇ ಯುಐಡಿ ಪಡೆಯುವ ಮುಂದಿನ ಬಳಕೆದಾರರು ಆ ಫೈಲ್‌ಗಳ ಒಡೆಯರಾಗಿಬಿಡುತ್ತಾರೆ.